ಓಲೆ ಸುಟ್ಟ ಮೇಲೆ

ಇಂದಿನ ಛತ್ತೀಸಗಢದ ಕುರುದ್ ಎಂಬಲ್ಲಿ ಸಿಕ್ಕ ತಾಮ್ರಶಾಸನವೊಂದರಲ್ಲಿ ಒಂದು ಮನೆಗೆ ಬೆಂಕಿ ಬಿದ್ದ ಸುದ್ದಿಯಿದೆ. ಕಾಲ ಸುಮಾರು 5-6ನೆಯ ಶತಮಾನ. ಹೊರಡಿಸಿದವನು ಶರಭಪುರದ ಅರಸ ನರೇಂದ್ರ. ಭಾಶ್ರುತಸ್ವಾಮಿ ಎಂಬ ಬ್ರಾಹ್ಮಣನಿಗೆ ಹಿಂದೊಮ್ಮೆ ಒಂದು ಊರು ದಾನವಾಗಿ ಬಂದಿತ್ತು. ದಾನಪತ್ರವನ್ನು ಬರೆದದ್ದು ತಾಳೆಯೋಲೆಯ ಮೇಲೆ. ಓಲೆ ಮನೆಯಲ್ಲಿತ್ತು, ಮನೆಯ ಬೆಂಕಿಯಲ್ಲಿ ಅದೂ ಸುಟ್ಟುಹೋಯಿತು. ಅಧಿಕರಣ, ಅಂದರೆ ಆ ಕಾಲದ ಕಚೇರಿ, ವಿಚಾರಣೆ ಮಾಡಿತು. ಊರು ಹಿಂದಿನಿಂದಲೂ ಎಡೆಬಿಡದೆ ಆ ಮನೆತನದ ಅನುಭೋಗದಲ್ಲೇ ಇದೆ ಎಂದು ಖಚಿತವಾಯಿತು. ಆಗ ಅರಸ ಅದೇ ದಾನವನ್ನು ಮಗ ಶಂಖಸ್ವಾಮಿಯ ಹೆಸರಿಗೆ, ಈ ಸಲ ತಾಮ್ರದ ಮೇಲೆ, ಬರೆಸಿಕೊಟ್ಟ.

ಮನೆಯ ಮುಖ್ಯ ಕಾಗದಪತ್ರಗಳನ್ನು ಒಂದೆಡೆ ಜೋಡಿಸಿ, ನೀರು ತಾಗದ ಚೀಲದಲ್ಲಿಟ್ಟು, ಆಪತ್ತು ಬಂದಾಗ ಕೈಗೆ ಸಿಗುವಂತೆ ಇಟ್ಟುಕೊಳ್ಳಿ ಎಂದು ವಿಪತ್ತು ನಿರ್ವಹಣೆಯವರು ಇಂದು ಹೇಳುತ್ತಾರೆ. ಸಲಹೆ ಸರಿಯಾದದ್ದೇ. ಆದರೆ ಕುರುದಿನ ಶಾಸನ ಅದಕ್ಕಿಂತ ಒಂದು ಹೆಜ್ಜೆ ಮುಂದಿನ ಪ್ರಶ್ನೆ ಕೇಳುತ್ತದೆ. ಚೀಲವೇ ಹೋದರೆ? ಬೆಂಕಿ, ನೆರೆ, ದಂಗೆ, ದೇಶವಿಭಜನೆ ಇವುಗಳಲ್ಲಿ ಯಾವುದೂ ಚೀಲ ತೆಗೆದುಕೊಳ್ಳಲು ಸಮಯ ಕೊಟ್ಟೇ ಬರುತ್ತದೆ ಎಂಬ ಭರವಸೆಯಿಲ್ಲ. ಶಂಖಸ್ವಾಮಿಯ ಹಕ್ಕನ್ನು ಉಳಿಸಿದ್ದು ಅವರ ಮನೆಯೊಳಗಿದ್ದ ಪತ್ರವಲ್ಲ, ಮನೆಯ ಹೊರಗೆ ಇದ್ದ ತಿಳಿವಳಿಕೆ.

ಮೂರು ಆಧಾರಗಳು

ಯಾಜ್ಞವಲ್ಕ್ಯ ಸ್ಮೃತಿ ಮನುಷ್ಯರಿಂದ ಸಿಗುವ ಪ್ರಮಾಣಗಳನ್ನು ಮೂರಾಗಿ ಎಣಿಸುತ್ತದೆ: ಲಿಖಿತ, ಭುಕ್ತಿ, ಸಾಕ್ಷಿ. ಬರೆದಿಟ್ಟದ್ದು, ಅನುಭವಿಸಿಕೊಂಡು ಬಂದದ್ದು, ಕಂಡವರು ಹೇಳುವುದು. ಒಂದು ಜಮೀನು ಒಬ್ಬನದು ಎನ್ನಲು ಪತ್ರ ಬೇಕು, ಇಲ್ಲವೇ ಅವನು ಅದನ್ನು ಉಳುತ್ತಾ ಬಂದಿರಬೇಕು, ಇಲ್ಲವೇ ಹೌದು ಎನ್ನುವ ನಾಲ್ಕು ಜನ ಇರಬೇಕು. ಈ ಮೂರೂ ಇಲ್ಲದಿದ್ದಾಗ ಮಾತ್ರ ದಿವ್ಯ, ಅಂದರೆ ಬೆಂಕಿ, ನೀರು, ವಿಷಗಳ ಪರೀಕ್ಷೆ.

ಪತ್ರ ಕಳೆದುಹೋಗಬಹುದು ಎಂಬುದು ಆ ಸ್ಮೃತಿಕಾರನಿಗೆ ಚೆನ್ನಾಗಿ ಗೊತ್ತಿತ್ತು. ಪತ್ರ ಬೇರೆ ದೇಶದಲ್ಲಿ ಉಳಿದಿದ್ದರೆ, ಓದಲಾಗದಂತೆ ಬರೆದಿದ್ದರೆ, ಕಳೆದಿದ್ದರೆ, ಅಳಿಸಿದ್ದರೆ, ಕಳುವಾಗಿದ್ದರೆ, ಹರಿದಿದ್ದರೆ, ಸುಟ್ಟಿದ್ದರೆ, ತುಂಡಾಗಿದ್ದರೆ ಇನ್ನೊಂದನ್ನು ಬರೆಸಬೇಕು ಎಂದು ಅವನು ಒಂದೇ ಶ್ಲೋಕದಲ್ಲಿ ಪಟ್ಟಿ ಮಾಡಿದ್ದಾನೆ. ನಕಲು ಪ್ರತಿಗೆ ಇಂದು ಕಚೇರಿಗಳಲ್ಲಿ ತುಂಬುವ ಅರ್ಜಿಯ ‘ಕಾರಣ’ ಎಂಬ ಕಲಮಿನಲ್ಲಿ ಇದಕ್ಕಿಂತ ಹೆಚ್ಚಿನದೇನೂ ಇರುವುದಿಲ್ಲ.

ಈ ಶ್ಲೋಕಕ್ಕೆ ಅತ್ಯಂತ ಪ್ರಸಿದ್ಧ ವ್ಯಾಖ್ಯಾನ ಬಂದದ್ದು ಕನ್ನಡ ನಾಡಿನಿಂದ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076-1126) ವಿಜ್ಞಾನೇಶ್ವರ ಬರೆದ ‘ಮಿತಾಕ್ಷರಾ’ ಮುಂದೆ ಬ್ರಿಟಿಷರ ಕಾಲದ ಹಿಂದೂ ಉತ್ತರಾಧಿಕಾರ ಕಾನೂನಿಗೂ ಆಧಾರವಾಯಿತು. ಈ ಶ್ಲೋಕದ ಬಗ್ಗೆ ಅವನ ಮಾತು ವ್ಯವಹಾರ ಬಲ್ಲವರದು. ಇನ್ನೊಂದು ಪತ್ರ ಬರೆಸುವುದು ಎರಡೂ ಕಡೆಯವರು ಒಪ್ಪಿದಾಗ ಸರಿ. ಒಬ್ಬ ಒಪ್ಪದೆ ವ್ಯಾಜ್ಯವಾದರೆ? ಪತ್ರ ದೂರದ ಊರಿನಲ್ಲಿದ್ದರೆ, ದಾರಿಯ ದೂರ ನೋಡಿ ಅದನ್ನು ತರಲು ಗಡುವು ಕೊಡಬೇಕು. ತರಲಾಗದ ಕಡೆ ಇದ್ದರೆ, ಅಥವಾ ನಾಶವೇ ಆಗಿದ್ದರೆ, ಸಾಕ್ಷಿಗಳಿಂದ ತೀರ್ಮಾನಿಸಬೇಕು.

ಈ ಮಾತಿನ ಒಳಗೊಂದು ಎಚ್ಚರಿಕೆ ಇದೆ. ಪತ್ರ ಕಳೆದ ಮೇಲೆ ಎದುರು ಕಡೆಯವನು ಒಪ್ಪಿದರೆ ಕೆಲಸ ಸುಲಭ. ಒಪ್ಪದಿದ್ದರೆ ಊರವರ ಬಾಯಿಯೇ ಗತಿ. ಮನೆಯವರು ಪತ್ರವನ್ನು ಎಷ್ಟೇ ಭದ್ರವಾಗಿಟ್ಟರೂ ಉಳಿದೆರಡು ಆಧಾರಗಳು ಅದೇ ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ. ಅವು ಹೊರಗೆ, ಬೇರೆಯವರ ಕೈಯಲ್ಲಿ ಇರುವಂಥವು.

ತಾಮ್ರವೂ ಸುಡುತ್ತದೆ

ಓಲೆಯ ಬದಲು ತಾಮ್ರವಾದರೆ ಉಳಿದೀತು ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಹರ್ಷವರ್ಧನನ ಸಮಕಾಲೀನನಾಗಿದ್ದ ಕಾಮರೂಪದ ಭಾಸ್ಕರವರ್ಮನ ತಾಮ್ರಪಟಗಳು 1912ರಲ್ಲಿ ಸಿಲ್ಹೆಟ್ ಪ್ರದೇಶದ ನಿಧಾನಪುರದಲ್ಲಿ ದೊರೆತವು. ಅವುಗಳ ಪ್ರಕಾರ ಈ ಭೂಮಿಯನ್ನು ಬ್ರಾಹ್ಮಣರಿಗೆ ಮೊದಲು ಕೊಟ್ಟವನು ನಾಲ್ಕು ತಲೆಮಾರು ಹಿಂದಿನ ಭೂತಿವರ್ಮ. ಅವನು ಕೊಟ್ಟ ಶಾಸನ ಬೆಂಕಿಯಲ್ಲಿ ಹೋಯಿತು. ಹೋದದ್ದರಿಂದ ಭೂಮಿ ಕಂದಾಯಕ್ಕೆ ಒಳಗಾಯಿತು. ಎಂದರೆ ದಾನ ಆಗಿತ್ತೆಂದು ಎಲ್ಲರಿಗೂ ಗೊತ್ತಿದ್ದರೂ, ತೋರಿಸಲು ಪಟ ಇಲ್ಲದ ಕಾರಣಕ್ಕೆ ತೆರಿಗೆಯ ವಿನಾಯಿತಿ ಉಳಿಯಲಿಲ್ಲ. ಭಾಸ್ಕರವರ್ಮ ಹೊಸ ಪಟ ಬರೆಸಿಕೊಟ್ಟ. ಕೊನೆಯಲ್ಲಿ ಒಂದು ಸಮಜಾಯಿಷಿಯೂ ಇದೆ: ಹಳೆಯದು ಸುಟ್ಟ ಮೇಲೆ ಹೊಸದಾಗಿ ಬರೆದದ್ದರಿಂದ ಇದರ ಅಕ್ಷರಗಳ ರೂಪ ಬೇರೆಯಾಗಿದೆ, ಆದ್ದರಿಂದ ಇದನ್ನು ಕೂಟ, ಅಂದರೆ ಖೋಟಾ, ಎಂದು ತಿಳಿಯಬಾರದು.

ಈ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಹರ್ಷನದೇ ಮಧುಬನ ತಾಮ್ರಪಟದಲ್ಲಿ, ಒಬ್ಬ ಬ್ರಾಹ್ಮಣ ಕೂಟಶಾಸನ ತೋರಿಸಿ ಊರೊಂದನ್ನು ಅನುಭವಿಸುತ್ತಿದ್ದ, ಆ ಖೋಟಾ ಪಟವನ್ನು ಮುರಿಸಿ ಊರನ್ನು ಬೇರೆಯವರಿಗೆ ಕೊಡಲಾಯಿತು ಎಂಬ ದಾಖಲೆ ಇದೆ. ಕಳೆದ ಪತ್ರಕ್ಕೆ ನಕಲು ಕೇಳುವವನನ್ನು ಕಚೇರಿ ಅನುಮಾನದಿಂದ ನೋಡುವುದು ಅಷ್ಟು ಹಳೆಯದು. ಇಂದು ಮುಂಬೈಯ ಹೌಸಿಂಗ್ ಸೊಸೈಟಿಯಲ್ಲಿ ಫ್ಲ್ಯಾಟಿನ ಶೇರು ಪತ್ರ ಕಳೆದರೆ ಪೊಲೀಸ್ ದೂರು, ಪತ್ರಿಕಾ ಪ್ರಕಟಣೆ, ನಷ್ಟಭರ್ತಿ ಮುಚ್ಚಳಿಕೆ ಎಲ್ಲ ಕೇಳುತ್ತಾರೆ. ಕೇಳುವ ರೀತಿ ಕಿರಿಕಿರಿಯೆನಿಸಿದರೂ ಕಾರಣ ಅದೇ: ಕಳೆದದ್ದು ನಿಜವೋ, ಇನ್ನೊಬ್ಬರಲ್ಲಿ ಒತ್ತೆ ಇಟ್ಟದ್ದೋ ಹೇಗೆ ತಿಳಿಯಬೇಕು?

ಶಾನುಭೋಗರ ಕಡತ

ಕರ್ನಾಟಕದಲ್ಲಿ ಊರಿನ ಲೆಕ್ಕ ಬಹುಕಾಲ ಉಳಿದದ್ದು ಬಟ್ಟೆಯ ಮೇಲೆ. ಬಟ್ಟೆಗೆ ಹುಣಿಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಿಳಿಯ ಬಳಪದಿಂದ ಬರೆಯುತ್ತಿದ್ದರು. ಅದಕ್ಕೆ ಕಡಿತ ಅಥವಾ ಕಡತ ಎಂದು ಹೆಸರು. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ಸಂಗ್ರಹವೇ ಇದೆ. ಬಟ್ಟೆ ಹೋಗಿ ಕಾಗದ ಬಂದರೂ ಪದ ಹೋಗಲಿಲ್ಲ. ವಿಧಾನಸೌಧದಲ್ಲಿ ಇಂದಿಗೂ ವಿಲೇವಾರಿಯಾಗದೆ ಉಳಿಯುವುದು ಕಡತವೇ. ಕಾಗದ, ದಫ್ತರ, ಜಮಾಬಂದಿ ಪಾರಸಿಯ ದಾರಿಯಿಂದ ಬಂದವು, ಪಹಣಿ ಮರಾಠಿಯ ನಂಟಿನದು, ಮುಚ್ಚಳಿಕೆಯ ಮೂಲ ತುರ್ಕಿಯವರೆಗೆ ಹೋಗುತ್ತದೆ. ಆಳುವವರು ಬದಲಾದಂತೆ ಪತ್ರಗಳ ಹೆಸರು ಬದಲಾಯಿತು, ಮನೆಯ ಪೆಟ್ಟಿಗೆಯಲ್ಲಿ ಎಲ್ಲವೂ ಒಟ್ಟಿಗೆ ಉಳಿದವು.

ಕಡತದ ಗುಣವೂ ಅವಗುಣವೂ ಒಂದೇ: ಬಳಪದ ಬರಹವನ್ನು ಒರೆಸಬಹುದು. ಲೆಕ್ಕ ತಿದ್ದಲು ಅನುಕೂಲ. ಹಕ್ಕು ಅಳಿಸಲೂ ಅನುಕೂಲ. ಅದರ ಜೊತೆಗೆ ದಾಖಲೆ ಇರುತ್ತಿದ್ದದ್ದು ಶಾನುಭೋಗರ ಮನೆಯಲ್ಲಿ, ಉತ್ತರ ಕರ್ನಾಟಕದಲ್ಲಾದರೆ ಕುಲಕರ್ಣಿಯವರ ಮನೆಯಲ್ಲಿ. ಕೆಲಸ ವಂಶಪಾರಂಪರ್ಯ, ದಫ್ತರವೂ ಹೆಚ್ಚುಕಡಿಮೆ ವಂಶದ ಆಸ್ತಿಯಂತೆ. ಊರಿನ ಎಲ್ಲರ ಭೂಮಿಯ ಚರಿತ್ರೆ ಒಂದೇ ಮನೆಯ ಒಂದೇ ಗೂಡಿನಲ್ಲಿ. ಆ ಮನೆಯ ಸೂರು ಸೋರಿದರೆ ಅಥವಾ ಆ ಮನೆಯವರು ಮುನಿದರೆ ಊರಿಗೆ ಬೇರೆ ಪ್ರತಿ ಇಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಈ ವಂಶಾಧಿಕಾರವನ್ನು ಕೊನೆಗೊಳಿಸಿತು, ಶಾನುಭೋಗರ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು.

ಪತ್ರ ಸುಡಲೆಂದೇ ಎದ್ದ ದಂಗೆ

ಪತ್ರ ನಾಶವಾಗಲಿ ಎಂದು ಬಯಸುವವರೂ ಇರುತ್ತಾರೆ. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಸಂತೆಯೂರಿನಲ್ಲಿ ಸುತ್ತಮುತ್ತಲಿನ ರೈತರು ಸೇರಿ ಸಾಹುಕಾರರ ಅಂಗಡಿ-ಮನೆಗಳಿಗೆ ನುಗ್ಗಿದರು. ಅವರು ಕೇಳಿದ್ದು ಮುಖ್ಯವಾಗಿ ಸಾಲಪತ್ರ ಮತ್ತು ಲೆಕ್ಕದ ಬಹಿಗಳನ್ನು. ಕೊಟ್ಟಲ್ಲಿ ಅವನ್ನು ಸುಟ್ಟು ಸುಮ್ಮನಾದರು, ಕೊಡದಿದ್ದಲ್ಲಿ ಹಿಂಸೆ ನಡೆಯಿತು. ದಂಗೆ ಅಹಮದನಗರ ಜಿಲ್ಲೆಗೂ ಹಬ್ಬಿತು. ಇತಿಹಾಸದಲ್ಲಿ ಇದು ದಖ್ಖನ್ ದಂಗೆ.

ಯಾಕೆ ಪತ್ರಗಳ ಮೇಲೆ ಇಷ್ಟು ಸಿಟ್ಟು? ಓದಲು ಬಾರದ ರೈತ ಹೆಬ್ಬೆಟ್ಟು ಒತ್ತುತ್ತಿದ್ದ. ಒತ್ತಿದ ಪತ್ರ ಸಾಹುಕಾರನ ಬಳಿ ಇರುತ್ತಿತ್ತು. ತೀರಿಸಿದ ಕಂತಿಗೆ ರಸೀದಿ ಸಿಗುತ್ತಿರಲಿಲ್ಲ. ಕೆಲವು ವರ್ಷಕ್ಕೊಮ್ಮೆ ಹಳೆಯ ಬಾಕಿಗೆ ಬಡ್ಡಿ ಸೇರಿಸಿ ಹೊಸ ಪತ್ರ ಬರೆಸಿಕೊಳ್ಳುತ್ತಿದ್ದರು. ಕೋರ್ಟಿಗೆ ಹೋದರೆ ನ್ಯಾಯಾಧೀಶರು ನೋಡುತ್ತಿದ್ದದ್ದು ಪತ್ರವನ್ನೇ. ಕಂತು ಕೊಟ್ಟಾಗಲೆಲ್ಲ ಪತ್ರದ ಹಿಂಬದಿಯಲ್ಲಿ ಬರೆಯಬೇಕು, ಸಾಲ ತೀರಿದ ಮೇಲೆ ಪತ್ರ ಹರಿಯಬೇಕು ಎಂದು ಯಾಜ್ಞವಲ್ಕ್ಯ ಹೇಳಿದ್ದರ ಉದ್ದೇಶವೂ ಇಂಥ ಅನ್ಯಾಯ ತಡೆಯುವುದೇ ಆಗಿತ್ತು. ಸುಪೆಯ ಹೊತ್ತಿಗೆ ಲಿಖಿತವೊಂದೇ ಉಳಿದು ಸಾಕ್ಷಿ, ಭುಕ್ತಿ ಎರಡೂ ಬೆಲೆ ಕಳೆದುಕೊಂಡಿದ್ದವು; ಆ ಲಿಖಿತದ ಒಂದೇ ಪ್ರತಿ ಒಂದೇ ಕಡೆಯವರ ಕೈಯಲ್ಲಿತ್ತು.

ಸರ್ಕಾರ ಕಂಡುಕೊಂಡ ಪರಿಹಾರ ಗಮನಿಸುವಂಥದ್ದು. 1879ರ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಊರುಗಳಿಗೆ ಗ್ರಾಮ ರಿಜಿಸ್ಟ್ರಾರರನ್ನು ತಂದಿತು. ರೈತನ ಸಾಲಪತ್ರ ಅವರ ಎದುರಿಗೇ ಆಗಬೇಕು. ರೈತ ಕೇಳಿದರೆ ಸಾಹುಕಾರ ರಸೀದಿ, ಲೆಕ್ಕದ ವಿವರ, ಪಾಸ್‌ಬುಕ್ ಕೊಡಬೇಕು. ನ್ಯಾಯಾಲಯ ಪತ್ರವನ್ನಷ್ಟೇ ನೋಡದೆ ಅದರ ಹಿಂದಿನ ವ್ಯವಹಾರದ ಇತಿಹಾಸವನ್ನೂ ಕೆದಕಬಹುದು. ಅಂದರೆ ಇಬ್ಬರ ನಡುವಿನ ಪತ್ರಕ್ಕೆ ಮೂರನೆಯವರ ಕಣ್ಣು, ಮತ್ತು ದುರ್ಬಲನ ಕೈಯಲ್ಲೂ ಒಂದು ಪ್ರತಿ.

ಅದೇ ತತ್ವ ದೇಶದ ನೋಂದಣಿ ಕಾನೂನಿನಲ್ಲೂ ಇದೆ. 1864ರಿಂದ ಹಲವು ರೂಪ ತಳೆದು 1908ರ ಕಾಯ್ದೆಯಾಗಿ ನಿಂತ ಈ ಪದ್ಧತಿಯಲ್ಲಿ ಮಾರಾಟಪತ್ರವನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯ ಪುಸ್ತಕಕ್ಕೆ ಅಕ್ಷರಕ್ಕಕ್ಷರ ನಕಲು ಮಾಡಿಕೊಂಡು ಮೂಲವನ್ನು ಪಕ್ಷಗಾರರಿಗೆ ಹಿಂದಿರುಗಿಸುತ್ತಿದ್ದರು. ಈಗ ಕೈಬರಹದ ಜಾಗದಲ್ಲಿ ಸ್ಕ್ಯಾನ್ ಬಂದಿದೆ. ಮನೆಯ ಮೂಲ ಕ್ರಯಪತ್ರ ಕಳೆದರೂ ಆ ಪುಸ್ತಕದಿಂದ ದೃಢೀಕೃತ ನಕಲು ಪಡೆಯಬಹುದು. ಮೂಲ ಕಳೆದುಹೋಗಿದೆ ಅಥವಾ ನಾಶವಾಗಿದೆ ಎಂದು ತೋರಿಸಿದರೆ ನಕಲನ್ನು ಎರಡನೆಯ ದರ್ಜೆಯ ಸಾಕ್ಷ್ಯವಾಗಿ ನ್ಯಾಯಾಲಯ ತೆಗೆದುಕೊಳ್ಳುತ್ತದೆ ಎಂಬ ನಿಯಮ 1872ರ ಸಾಕ್ಷ್ಯ ಕಾಯ್ದೆಯಲ್ಲಿತ್ತು. ಅದರ ಜಾಗಕ್ಕೆ 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದೆ. ಆದರೆ ನೋಂದಣಿಯಾಗದ ಪಾಲುಪಟ್ಟಿಗೆ, ಬಿಳಿ ಹಾಳೆಯ ಮೇಲೆ ಅಣ್ಣತಮ್ಮಂದಿರು ಬರೆದುಕೊಂಡ ಒಪ್ಪಂದಕ್ಕೆ, ಕೈಯಲ್ಲಿರುವ ಒಂದೇ ಪ್ರತಿಗೆ ಈ ರಕ್ಷಣೆ ಇಲ್ಲ.

ಗಡಿಯ ಆಚೆ ಉಳಿದ ದಫ್ತರ

1947ರಲ್ಲಿ ಪಶ್ಚಿಮ ಪಂಜಾಬಿನಿಂದ ಬಂದ ರೈತರ ಭೂದಾಖಲೆ ಗಡಿಯ ಆಚೆಯ ಕಚೇರಿಗಳಲ್ಲಿ ಉಳಿಯಿತು. ಪತ್ರ ಬೇರೆ ದೇಶದಲ್ಲಿದ್ದರೆ ಎಂಬ ಯಾಜ್ಞವಲ್ಕ್ಯನ ಮಾತು ಹೀಗೆ ಲಕ್ಷಾಂತರ ಜನರಿಗೆ ಒಟ್ಟಿಗೆ ನಿಜವಾದೀತೆಂದು ಯಾರೂ ಎಣಿಸಿರಲಿಲ್ಲ. ಪೂರ್ವ ಪಂಜಾಬಿನಲ್ಲಿ ಮುಸ್ಲಿಮರು ಬಿಟ್ಟುಹೋದ ಭೂಮಿ ಇತ್ತು. ಅದನ್ನು ಬಂದವರಿಗೆ ಹಂಚಬೇಕು. ಯಾರಿಗೆ ಎಷ್ಟು?

1948ರ ಮಾರ್ಚ್ 10ರಿಂದ ಅರ್ಜಿ ಕರೆದರು. ಒಂದು ತಿಂಗಳಲ್ಲಿ 5 ಲಕ್ಷಕ್ಕೂ ಹೆಚ್ಚು ಅರ್ಜಿ ಬಂದವು. ಪ್ರತಿಯೊಬ್ಬರೂ ತಾವು ಅಲ್ಲಿ ಬಿಟ್ಟುಬಂದ ಭೂಮಿ ಇಷ್ಟು ಎಂದು ಬರೆದಿದ್ದರು, ಕೆಲವರು ಧಾರಾಳವಾಗಿಯೇ. ಪರಿಶೀಲನೆಗೆ ಅಧಿಕಾರಿಗಳು ಹಿಡಿದ ದಾರಿ ಸರಳವಾದದ್ದು. ಒಂದೇ ಊರಿನಿಂದ ಬಂದವರನ್ನು ಒಂದೆಡೆ ಸೇರಿಸಿದರು. ಒಬ್ಬೊಬ್ಬರ ಅರ್ಜಿಯನ್ನೂ ಸಭೆಯಲ್ಲಿ ಗಟ್ಟಿಯಾಗಿ ಓದಿದರು. ಸಭೆ ಹೌದು ಎಂದಿತು, ಅಥವಾ ತಿದ್ದಿತು, ಅಥವಾ ಅಲ್ಲವೇ ಅಲ್ಲ ಎಂದಿತು. ಸುಳ್ಳು ಹೇಳಿದವರಿಗೆ ಸಿಗಬೇಕಾದ ಭೂಮಿಯಲ್ಲಿ ಕಡಿತವಾಯಿತು. ಎರಡೂ ದೇಶಗಳು ಕಂದಾಯ ದಾಖಲೆಗಳನ್ನು ವಿನಿಮಯ ಮಾಡಿಕೊಂಡ ಮೇಲೆ ಬಾಯಿಮಾತನ್ನು ಬರಹದೊಡನೆ ತಾಳೆ ನೋಡಲು ಸಾಧ್ಯವಾಯಿತು.

ಊರು ಹೋದರೂ ಊರವರು ಒಟ್ಟಿಗೆ ಬಂದಿದ್ದರಿಂದ ಇದು ನಡೆಯಿತು. ಚೆದುರಿ ಹೋದವರಿಗೆ ಪರವಾಗಿ ಮಾತಾಡುವವರು ಇರಲಿಲ್ಲ. ಇನ್ನೊಂದು ಮಿತಿಯೂ ಇತ್ತು: ಪರಿಹಾರ ಸಿಕ್ಕಿದ್ದು ಬಿಟ್ಟುಬಂದ ಒಡೆತನಕ್ಕೆ. ಅಲ್ಲಿ ಕೂಲಿ ಮಾಡುತ್ತಿದ್ದವನಿಗೆ ಸಭೆಯಲ್ಲಿ ಓದಿಸಲು ಏನೂ ಇರಲಿಲ್ಲ.

ಆ ಬಗೆಯ ಜನರ ಸರದಿ ಕರ್ನಾಟಕದಲ್ಲಿ 1974ರಲ್ಲಿ ಬಂತು. ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಆ ವರ್ಷದ ಮಾರ್ಚ್ 1ರಿಂದ ಜಾರಿಯಾಗಿ, ಗೇಣಿ ಭೂಮಿ ಸರ್ಕಾರಕ್ಕೆ ಸೇರಿ, ಉಳುತ್ತಿದ್ದ ಗೇಣಿದಾರ ಏಳನೆಯ ನಮೂನೆಯ ಅರ್ಜಿ ಕೊಟ್ಟು ಒಡೆತನ ಕೇಳಬಹುದಾಯಿತು. ಅರ್ಜಿಯ ಗಡುವು ಮುಂದೆ ಹೋಗುತ್ತಾ 1979ರ ಜೂನ್ 30ಕ್ಕೆ ಮುಗಿಯಿತು. ಬಹುಪಾಲು ಗೇಣಿ ಬಾಯಿಮಾತಿನದು. ಗೇಣಿಚೀಟಿ ಇದ್ದವರು ಅದನ್ನು ತೋರಿಸಿದರು. ಇಲ್ಲದವರಿಗೆ ಪಹಣಿಯಲ್ಲಿ ಸಾಗುವಳಿದಾರನ ಕಲಮಿನಲ್ಲಿ ಹೆಸರಿದೆಯೇ ಎಂಬುದು ಜೀವನ್ಮರಣದ ಪ್ರಶ್ನೆ. ಅದೂ ಇಲ್ಲದವರು ಭೂನ್ಯಾಯ ಮಂಡಳಿಯ ಎದುರು ಅಕ್ಕಪಕ್ಕದ ಹೊಲದವರನ್ನು ಕರೆತಂದರು. ಉಳುವುದು ಭುಕ್ತಿ, ಪಹಣಿ ಲಿಖಿತ, ಪಕ್ಕದ ಹೊಲದವರು ಸಾಕ್ಷಿ. ಹೆಸರು ಬದಲಾದರೂ ಲೆಕ್ಕ ವಿಜ್ಞಾನೇಶ್ವರನದೇ. ಗಡುವಿನೊಳಗೆ ಅರ್ಜಿ ಕೊಡದವರಿಗೆ ಮಾತ್ರ ಮೂರೂ ಇದ್ದೂ ಆಗ ಉಪಯೋಗವಾಗಲಿಲ್ಲ.

ತವರುಮನೆಯ ಕಾಗದ

ಭಾಸ್ಕರವರ್ಮ ಸುಟ್ಟ ಶಾಸನವನ್ನು ಹೊಸದಾಗಿ ಬರೆಸಿಕೊಟ್ಟು ಸುಮಾರು 1400 ವರ್ಷಗಳಾದ ಮೇಲೆ, ಅವನು ಆಳಿದ ನೆಲವಾದ ಅಸ್ಸಾಮಿನಲ್ಲಿ ಮನೆಯ ಕಾಗದವೇ ಪೌರತ್ವದ ಪ್ರಶ್ನೆಯಾಯಿತು. ರಾಷ್ಟ್ರೀಯ ಪೌರರ ನೋಂದಣಿ, ಅಂದರೆ ಎನ್‌ಆರ್‌ಸಿಗೆ ಅರ್ಜಿ ಕೊಟ್ಟವರು 1971ರ ಮಾರ್ಚ್ 24ರ ಮಧ್ಯರಾತ್ರಿಯ ಒಳಗಿನ ದಾಖಲೆಯಲ್ಲಿ ತಮ್ಮ ಅಥವಾ ಹಿರಿಯರ ಹೆಸರು ತೋರಿಸಬೇಕಿತ್ತು. 1951ರ ನೋಂದಣಿ ಪಟ್ಟಿ, ಹಳೆಯ ಮತದಾರರ ಪಟ್ಟಿ, ಭೂದಾಖಲೆ ಇಂಥವು. ಹಿರಿಯರ ಹೆಸರು ತೋರಿಸಿದವರು ಆ ಹಿರಿಯರಿಗೂ ತಮಗೂ ಇರುವ ಸಂಬಂಧವನ್ನು ಇನ್ನೊಂದು ಪತ್ರದಿಂದ ಸಾಬೀತು ಮಾಡಬೇಕಿತ್ತು. ಒಟ್ಟು 3,30,27,661 ಅರ್ಜಿದಾರರಲ್ಲಿ 2019ರ ಆಗಸ್ಟ್ 31ರ ಅಂತಿಮ ಪಟ್ಟಿಯಿಂದ 19,06,657 ಜನರ ಹೆಸರು ಹೊರಗುಳಿಯಿತು.

ಬ್ರಹ್ಮಪುತ್ರ ಪ್ರತಿ ಮಳೆಗಾಲ ದಡ ಕೊರೆಯುವ ನದಿ. ಅದರ ನಡುವಿನ ಮರಳುದಿಬ್ಬಗಳಾದ ಚಾರ್‌ಗಳಲ್ಲಿ ಬದುಕುವವರು ಮತ್ತೆ ಮತ್ತೆ ಮನೆ ಬದಲಿಸುತ್ತಾರೆ. ಅವರಿಗೆ 60 ವರ್ಷದ ಹಿಂದಿನ ಕಾಗದ ಇಟ್ಟುಕೊಳ್ಳುವುದು ಎಂದರೇನೆಂದು ಊಹಿಸಬಹುದು. ಹಳೆಯ ಪಟ್ಟಿಗಳನ್ನು ಸರ್ಕಾರವೇ ಕಂಪ್ಯೂಟರಿಗೆ ಹಾಕಿ ಸೇವಾಕೇಂದ್ರಗಳಲ್ಲಿ ಹುಡುಕಲು ಕೊಟ್ಟದ್ದರಿಂದ ಪೆಟ್ಟಿಗೆ ನೀರುಪಾಲಾದ ಅನೇಕರಿಗೆ ಹಿರಿಯರ ಹೆಸರು ಸಿಕ್ಕಿತು. ಕಷ್ಟವಾದದ್ದು ಹೆಚ್ಚಾಗಿ ಸಂಬಂಧ ತೋರಿಸುವ ಕೊಂಡಿಯಲ್ಲಿ, ಅದರಲ್ಲೂ ಹೆಂಗಸರಿಗೆ. ಚಿಕ್ಕವಯಸ್ಸಿಗೆ ಮದುವೆ, ಶಾಲೆಯ ಸರ್ಟಿಫಿಕೇಟು ಇಲ್ಲ, ಜನನ ನೋಂದಣಿ ಇಲ್ಲ. ಹೆಸರು ಸೇರಿದ್ದು ಗಂಡನ ಮನೆಯ ಮತದಾರರ ಪಟ್ಟಿಗೆ, ಕೇಳುತ್ತಿರುವುದು ಅಪ್ಪನ ಮಗಳು ಎಂಬುದಕ್ಕೆ ಆಧಾರ. ಮದುವೆಯಾಗಿ ಬೇರೆ ಊರಿಗೆ ಹೋದವಳು ಇಂಥವರ ಮಗಳು ಎಂದು ಪಂಚಾಯಿತಿ ಕಾರ್ಯದರ್ಶಿ ಕೊಡುವ ಪ್ರಮಾಣಪತ್ರವೊಂದೇ ಲಕ್ಷಾಂತರ ಹೆಂಗಸರಿಗೆ ಉಳಿದ ದಾರಿ. ಅದು ನಡೆಯುವುದಿಲ್ಲ ಎಂದು ಗುವಾಹಟಿ ಹೈಕೋರ್ಟು 2017ರಲ್ಲಿ ಹೇಳಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಪರಿಶೀಲನೆಯ ಷರತ್ತಿನೊಡನೆ, ಅದನ್ನು ಕೊಂಡಿಪತ್ರವಾಗಿ ಒಪ್ಪಿತು.

ಅಸ್ಸಾಮಿನ ಸಂದರ್ಭ ಬೇರೆ. ಆದರೆ ಹೆಣ್ಣುಮಕ್ಕಳ ಕಾಗದ ಎರಡು ಮನೆಗಳ ನಡುವೆ ಎಲ್ಲೂ ಇಲ್ಲದಂತಾಗುವುದು ಎಲ್ಲ ಕಡೆಯ ಕಥೆ. ಮನೆಯ ಕಾಗದದ ಚೀಲದಲ್ಲಿ ಗಂಡಸರ ಹೆಸರಿನ ಆಸ್ತಿಪತ್ರ ಎಲ್ಲ ಇರುತ್ತದೆ. ಸೊಸೆಯ ಶಾಲೆಯ ಟಿ.ಸಿ. ತವರಿನ ಅಟ್ಟದ ಮೇಲಿರುತ್ತದೆ. ರಾಜ್ಯ ಬಿಟ್ಟು ಬಂದ ಕನ್ನಡಿಗರಿಗೆ ಹೆಸರಿನದೂ ಒಂದು ತೊಡಕು. ಮೈಸೂರು ಕಡೆಯ ದಾಖಲೆಯಲ್ಲಿ ಊರು-ತಂದೆಯ ಮೊದಲಕ್ಷರ ಹೆಸರಿನ ಹಿಂದೆ ಬರುತ್ತದೆ. ಮಹಾರಾಷ್ಟ್ರದ ದಾಖಲೆ ಹೆಸರು, ತಂದೆ ಅಥವಾ ಗಂಡನ ಹೆಸರು, ಅಡ್ಡಹೆಸರು ಎಂದು ಮೂರು ಕೇಳುತ್ತದೆ. ಒಬ್ಬಳೇ ಹೆಂಗಸು ಮೂರು ಪತ್ರಗಳಲ್ಲಿ ಮೂವರಾಗುತ್ತಾಳೆ. ಪತ್ರ ಒದ್ದೆಯಾಗದೆ ಉಳಿದರೂ ಇದು ಉಳಿಯುವ ತೊಂದರೆ. ಇದನ್ನು ಸರಿಪಡಿಸುವ ಕಾಲ ಆಪತ್ತಿನ ಮೊದಲು.

ನೆರೆ ಇಳಿದ ಮೇಲಿನ ಕಚೇರಿ

2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ನೆಲಮಹಡಿಯ ಮನೆಗಳಲ್ಲಿ ಕಪಾಟಿನ ಕೆಳಗಿನ ಖಾನೆಯಲ್ಲಿ ಇದ್ದದ್ದೆಲ್ಲ ಹೋಯಿತು, ಮತ್ತು ಕಾಗದಗಳನ್ನು ಬಹಳ ಮನೆಗಳಲ್ಲಿ ಇಡುವುದೇ ಅಲ್ಲಿ. 2015ರ ಡಿಸೆಂಬರಿನ ಚೆನ್ನೈ ನೆರೆಯ ನಂತರ ತಮಿಳುನಾಡು ಸರ್ಕಾರ ಕಳೆದ ದಾಖಲೆಗಳ ನಕಲು ಕೊಡಲು ವಿಶೇಷ ಶಿಬಿರ ನಡೆಸಿತು. ಕೇರಳದಲ್ಲಿ 2018ರ ಪ್ರವಾಹದ ನಂತರ ಅದಾಲತ್‌ಗಳು ನಡೆದವು. 2024ರ ಜುಲೈ 30ರ ವಯನಾಡು ಭೂಕುಸಿತದ ನಂತರ ಮೇಪ್ಪಾಡಿಯಲ್ಲಿ ಬದುಕುಳಿದವರಿಗೆ ಹಲವು ಇಲಾಖೆಗಳ ಪ್ರಮಾಣಪತ್ರಗಳನ್ನು ಒಂದೇ ಕಡೆ ಮಾಡಿಕೊಟ್ಟರು. ಇವೆಲ್ಲ ಕುರುದಿನ ಅಧಿಕರಣ ಮಾಡಿದ ಕೆಲಸವೇ: ಮನೆಯಲ್ಲಿ ಇಲ್ಲದ್ದನ್ನು ಹೊರಗಿನ ದಾಖಲೆಯಿಂದ, ಹೊರಗಿನ ಜನರಿಂದ ಖಚಿತಪಡಿಸಿಕೊಂಡು ಮತ್ತೆ ಬರೆಯುವುದು.

ಹೊರಗಿನ ದಾಖಲೆ ಈಗ ಮೊದಲಿಗಿಂತ ಗಟ್ಟಿಯಾಗಿದೆ. ಕರ್ನಾಟಕದ ‘ಭೂಮಿ’ ಯೋಜನೆ ಈ ಶತಮಾನದ ಆರಂಭಕ್ಕೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದು ಕೈಬರಹದ ಪಹಣಿಯ ಚಲಾವಣೆಯನ್ನು ನಿಲ್ಲಿಸಿತು. 2015ರ ಜುಲೈ 1ರಂದು ಆರಂಭವಾದ ಡಿಜಿಲಾಕರ್‌ನಲ್ಲಿ ಇಲಾಖೆಗಳೇ ಕೊಟ್ಟ ದಾಖಲೆಗೆ 2017ರಿಂದ ಮೂಲದಷ್ಟೇ ಮಾನ್ಯತೆ ಇದೆ. ಆದರೆ ಇಲ್ಲಿ ಬಹಳ ಜನ ಗಮನಿಸದ ವ್ಯತ್ಯಾಸವೊಂದಿದೆ. ಇಲಾಖೆಯ ಕಡತದಿಂದ ನೇರವಾಗಿ ಬಂದ ದಾಖಲೆ ಬೇರೆ, ಮನೆಯವರೇ ಫೋಟೋ ತೆಗೆದು ಏರಿಸಿದ ಪ್ರತಿ ಬೇರೆ. ಮೊದಲನೆಯದು ಲಿಖಿತ, ಎರಡನೆಯದು ಲಿಖಿತ ಎಲ್ಲಿದೆ ಎಂದು ನೆನಪಿಸುವ ಗುರುತು. ಜೊತೆಗೆ ಎಲ್ಲದರ ಕೀಲಿ ಒಂದೇ ಮೊಬೈಲ್ ನಂಬರಿಗೆ ಬರುವ ಒಟಿಪಿ. ಆ ಫೋನು ಯಜಮಾನರ ಜೇಬಿನಲ್ಲೇ ನೀರಿಗೆ ಬಿದ್ದರೆ ಹೊಸ ಸಿಮ್ ಸಿಗುವವರೆಗೆ ಮನೆಯ ಲಾಕರು ಪೂರ್ತಿ ಮುಚ್ಚಿರುತ್ತದೆ.

ಆದ್ದರಿಂದ ಕಾಗದ ಜೋಡಿಸುವ ಕೆಲಸಕ್ಕೆ ಹಳೆಯ ಮೂರು ಹೆಸರುಗಳೇ ಒಳ್ಳೆಯ ಅಳತೆಗೋಲು. ಲಿಖಿತ: ಮೂಲಪತ್ರಗಳು ನೀರು ತಾಗದ ಚೀಲದಲ್ಲಿ, ಎತ್ತರದ ಜಾಗದಲ್ಲಿ; ದೃಢೀಕೃತ ನಕಲುಗಳು ಬೇರೆ ಊರಿನ ನಂಬಿಕಸ್ಥರ ಮನೆಯಲ್ಲಿ; ನೋಂದಣಿ ಸಂಖ್ಯೆ, ಸರ್ವೆ ನಂಬರು, ವಿಮೆಯ ಪಾಲಿಸಿ ನಂಬರು, ಬ್ಯಾಂಕ್ ಶಾಖೆ, ಯಾವುದು ಯಾವ ಕಚೇರಿಯಲ್ಲಿ ನೋಂದಣಿಯಾಗಿದೆ ಎಂಬುದರ ಒಂದು ಪುಟದ ಪಟ್ಟಿ ಮನೆಯ ಎಲ್ಲರ ಬಳಿ. ನಕಲು ತೆಗೆಸಲು ಮುಖ್ಯವಾಗಿ ಬೇಕಾಗುವುದು ಆ ನಂಬರುಗಳು. ಮುಚ್ಚಿದ ಲಕೋಟೆಯಲ್ಲಿ ಉಯಿಲನ್ನು ಜಿಲ್ಲಾ ರಿಜಿಸ್ಟ್ರಾರರ ಬಳಿ ಠೇವಣಿ ಇಡಲು 1908ರ ಕಾಯ್ದೆಯಲ್ಲೇ ಅವಕಾಶವಿದೆ. ಭುಕ್ತಿ: ಕಂದಾಯದ ರಸೀದಿ, ವಿದ್ಯುತ್ ಬಿಲ್ಲು, ಸೊಸೈಟಿಯ ಮೇಂಟೆನೆನ್ಸ್ ಚೀಟಿ. ಇವನ್ನು ಕಸವೆಂದು ಎಸೆಯುವವರು ಅನುಭೋಗದ ಪುರಾವೆಯನ್ನೇ ಎಸೆಯುತ್ತಿರುತ್ತಾರೆ.

ಮೂರನೆಯದಾದ ಸಾಕ್ಷಿಯನ್ನು ಯಾವ ಚೀಲದಲ್ಲೂ ಇಡಲಾಗದು, ಯಾವ ಕಚೇರಿಯೂ ನಕಲು ಕೊಡದು. ಊರಿನ ಹಿಡುವಳಿಯಲ್ಲಿ ಯಾವ ಸರ್ವೆ ನಂಬರು ಯಾವ ಹೊಲ, ಯಾವ ಬಾಂದುಕಲ್ಲಿನಿಂದ ಯಾವ ಮರದವರೆಗೆ, 1979ರಲ್ಲಿ ಅರ್ಜಿ ಕೊಟ್ಟದ್ದು ಅಜ್ಜನೋ ಅಜ್ಜನ ತಮ್ಮನೋ, ಅಜ್ಜಿಯ ತವರಿನಲ್ಲಿ ಅವಳನ್ನು ಯಾವ ಹೆಸರಿನಿಂದ ಕರೆಯುತ್ತಿದ್ದರು, ಪಹಣಿಯಲ್ಲಿರುವ ಹೆಸರು ಏಕೆ ಬೇರೆ, ಇದೆಲ್ಲ ಮನೆಯಲ್ಲಿ ಒಬ್ಬಿಬ್ಬರಿಗೆ ಗೊತ್ತಿರುತ್ತದೆ. ಅವರಿಗೆ ಹೆಚ್ಚಾಗಿ ಎಪ್ಪತ್ತು ದಾಟಿರುತ್ತದೆ. ಅವರನ್ನು ಕೂರಿಸಿಕೊಂಡು ಒಂದೊಂದೇ ಪತ್ರ ಬಿಡಿಸಿ, ಹೇಳಿದ್ದನ್ನು ತಾರೀಖು ಹಾಕಿ ಬರೆದುಕೊಂಡು, ಅವರಿಂದ ಸಹಿ ಮಾಡಿಸಿ, ಪತ್ರದ ಜೊತೆಗೇ ಇಡುವುದಕ್ಕೆ ಒಂದು ಮಧ್ಯಾಹ್ನ ಸಾಕು. ಸುಟ್ಟ ಪತ್ರಕ್ಕೆ ಶುಲ್ಕ ಕಟ್ಟಿದರೆ ನಕಲು ಸಿಗುತ್ತದೆ. ಅವರು ಹೇಳದೆ ಹೋದದ್ದಕ್ಕೆ ಸಿಗುವುದಿಲ್ಲ.